ಚಂದ್ರಗಿರಿಯ ದಂಡೆಯಿಂದ ತೋನ್ಸೆಪಾರಿನ ಕಂಬಗಲ್ಲುಗಳಿಗೆ

ಶುಕ್ರವಾರ

ಮಲ್ಪೆಯ ಎದುರು ಕಡಲಿನಲ್ಲಿರುವ ಸೇಂಟ್ ಮೇರಿ ದ್ವೀಪಗಳನ್ನು ನೋಡಹೋಗುವವರು ಸಾಮಾನ್ಯವಾಗಿ ಉಡುಪಿಯಲ್ಲಿ ಕೃಷ್ಣದರ್ಶನ ಮುಗಿಸಿ, ಮಧ್ಯಾಹ್ನದೊಳಗೆ ದ್ವೀಪಕ್ಕೆ ಹೋಗಿಬಂದು, ಸಂಜೆಯ ಬಸ್ಸು ಹಿಡಿಯುತ್ತಾರೆ. ನಾವು ಕಾಸರಗೋಡಿನವರಾದ್ದರಿಂದ ಪ್ರಯಾಣವನ್ನು ನಮ್ಮ ಕೋಟೆಗಳಿಂದಲೇ ಆರಂಭಿಸುವುದು ಉಚಿತವೆಂದು ಕಂಡಿತು. ಆ ದ್ವೀಪಗಳಲ್ಲೊಂದಾದ ದರಿಯಾ ಬಹದ್ದೂರ್‌ಗಡದ ಮೇಲೆ ಬಿದನೂರಿನ (ಎಂದರೆ ಕೆಳದಿ ಮನೆತನದ) ನಾಯಕರು ಕಟ್ಟಿಸಿದ ಕೋಟೆಯೊಂದು ಇತ್ತೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಚಂದ್ರಗಿರಿ, ಬೇಕಲ, ಹೊಸದುರ್ಗಗಳ ಕೋಟೆಗಳನ್ನು ಕಟ್ಟಿದ್ದೂ ಅದೇ ಅರಸುಮನೆತನ. ಜನವಸತಿಯಿಲ್ಲದ ನಾಲ್ಕು ಬಂಡೆಗುಡ್ಡೆಗಳ ಚರಿತ್ರೆಯನ್ನು ಕಡಲಿನ ನಡುವೆ ನಿಂತು ಓದುವುದಕ್ಕಿಂತ ಮೊದಲು, ಅದರ ಅರ್ಧಭಾಗವನ್ನಾದರೂ ನಮ್ಮ ಮನೆಯ ಹಿತ್ತಿಲಿನಲ್ಲಿಯೇ ಓದಬಹುದಾಗಿತ್ತು.

ಜೊತೆಗೆ ಬಂದವರು ಕುಂಬಳೆಯ ಕನ್ನಡ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದ ಮಾಷ್ಟ್ರು ಮತ್ತು ಮಂಗಳೂರಿನಲ್ಲಿ ಭೂವಿಜ್ಞಾನ ಓದುತ್ತಿರುವ ನನ್ನ ತಂಗಿಯ ಮಗ. ಇವರಿಬ್ಬರ ನಡುವೆ ಆಗಾಗ ನಡೆಯುತ್ತಿದ್ದ ವಾದವೇ ಈ ಬರಹದ ಬಹುಪಾಲು ವಿಷಯವನ್ನು ಒದಗಿಸಿತೆಂದು ಹೇಳಬೇಕು. ಮಾಷ್ಟ್ರಿಗೆ ಚರಿತ್ರೆಯಲ್ಲಿ ಆಸಕ್ತಿ ಹೆಚ್ಚು. ಹುಡುಗನಿಗೆ ಮನುಷ್ಯರು ಬರುವುದಕ್ಕಿಂತ ಮೊದಲು ನಡೆದದ್ದರಲ್ಲಿ ಮಾತ್ರ ನಂಬಿಕೆ.

ಚಂದ್ರಗಿರಿ ಕೋಟೆಯು ನದಿಯ ದಕ್ಷಿಣ ದಂಡೆಯಲ್ಲಿ, ಕಡಲಮಟ್ಟದಿಂದ ಸುಮಾರು 150 ಅಡಿ ಎತ್ತರದಲ್ಲಿದೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಹೆಸರಿಗೆ ಸೇರಿಸಿ ಹೇಳಲಾಗುವ ಈ ಕೋಟೆಯ ಬುರುಜಿನ ಮೇಲಿಂದ ನೋಡಿದರೆ ಅಳಿವೆಯೂ ಅದರಾಚೆಗೆ ಕಡಲೂ ಒಟ್ಟಿಗೆ ಕಾಣುತ್ತವೆ. ತುಳುನಾಡಿನ ದಕ್ಷಿಣದ ಗಡಿಯೆಂದು ಹಿಂದಿನಿಂದಲೂ ಜನ ಎಣಿಸಿಕೊಂಡು ಬಂದಿರುವುದು ಈ ನದಿಯನ್ನೇ. ರಾಜ್ಯಗಳ ಗೆರೆ ಬೇರೆಡೆ ಬಿದ್ದದ್ದು ಬಹಳ ಈಚಿನ ಮಾತು: 1956ರ ನವೆಂಬರ್ 1ರವರೆಗೆ ನಾವು ನಿಂತ ಈ ಬುರುಜೂ ಮಲ್ಪೆಯ ದ್ವೀಪಗಳೂ ಮದ್ರಾಸ್ ರಾಜ್ಯದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು, ಮತ್ತು ಎರಡೂ ಕಡೆಯ ಕಂದಾಯದ ಕಾಗದಗಳು ಮಂಗಳೂರಿನ ಕಲೆಕ್ಟರರ ಕಚೇರಿಗೇ ಹೋಗುತ್ತಿದ್ದವು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ.

ಬೇಕಲವನ್ನು ತಲುಪುವಾಗ ಬಿಸಿಲು ಇಳಿದಿತ್ತು. ಸುಮಾರು 40 ಎಕರೆ ವಿಸ್ತಾರದ ಈ ಕೋಟೆಯನ್ನು 1650ರ ಸುಮಾರಿಗೆ ಶಿವಪ್ಪ ನಾಯಕನು ಕಟ್ಟಿಸಿದನೆಂಬುದು ಎಲ್ಲರಿಗೂ ತಿಳಿದಿರುವುದರಿಂದ ಅದರ ವರ್ಣನೆಗೆ ಇಲ್ಲಿ ತೊಡಗುವುದಿಲ್ಲ. ಅದರ ಕಲ್ಲಿನ ಬಗ್ಗೆ ಮಾತ್ರ ಎರಡು ಮಾತು ಅಗತ್ಯ. ನಮ್ಮ ಮನೆಗಳಿಗೆ ಬಳಸುವ ಮುರಕಲ್ಲೇ ಅಲ್ಲಿಯೂ ಇರುವುದು. ಸಾವಿರಾರು ಮಳೆಗಾಲಗಳ ನೀರು ಮತ್ತು ಬಿಸಿಲು ಮೂಲ ಶಿಲೆಯಲ್ಲಿದ್ದ ಸಿಲಿಕಾ ಮೊದಲಾದವುಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳನ್ನು ಉಳಿಸಿದಾಗ ಆಗುವ ಕಲ್ಲು ಅದು. ಕಣಿಯಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಕಾಸರಗೋಡಿನಿಂದ ಉಡುಪಿಯವರೆಗಿನ ಗುಡ್ಡಗಳಿಗೆಲ್ಲ ಇದರ ಕೆಂಪು ಮುಚ್ಚಳವಿದೆ. ಅದರ ಅಡಿಯಲ್ಲಿರುವ ಮೂಲ ಶಿಲೆಯ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಹೇಳಬೇಕು. “ನಾವು ನೋಡಲಿಕ್ಕೆ ಹೋಗುವ ಕಲ್ಲು ಇದೂ ಅಲ್ಲ, ಇದರ ಅಡಿಯದೂ ಅಲ್ಲ, ಮಾವ. ಅದು ಬೇರೆಯೇ,” ಎಂದು ಹುಡುಗ ಅಲ್ಲಿಯೇ ಮುನ್ಸೂಚನೆ ಕೊಟ್ಟನು.

ಕಡಲಿಗೆ ಮುಖಮಾಡಿರುವ ಗೋಡೆಯ ಕಿಂಡಿಗಳ ಬಳಿ ಮಾಷ್ಟ್ರು ಬೇರೊಂದು ವಿಷಯವನ್ನು ಎತ್ತಿದರು. ಈ ಕೋಟೆ ಏಳುವುದಕ್ಕೆ ಒಂದೂವರೆ ಶತಮಾನದ ಹಿಂದೆ, 1498ರ ಸೆಪ್ಟೆಂಬರಿನಲ್ಲಿ, ವಾಸ್ಕೋ ಡ ಗಾಮನ ಹಡಗುಗಳು ಇದೇ ದಂಡೆಯ ಉದ್ದಕ್ಕೂ ಉತ್ತರಕ್ಕೆ ಸಾಗಿದ್ದವು. ಬೇಕಲದ ಎದುರಿನಿಂದ ಮಲ್ಪೆಯ ಎದುರಿನವರೆಗೆ ಅವು ಹೋದ ದಾರಿಯನ್ನೇ ನಾವು ನೆಲದ ಮೇಲಿಂದ ಅನುಸರಿಸಲಿದ್ದೇವೆ ಎಂಬುದು ಅವರ ಮಾತಿನ ಸಾರ. ಇದರ ಮಹತ್ವ ನಮಗೆ ಪೂರ್ತಿ ತಿಳಿದದ್ದು ಭಾನುವಾರ.

ಶನಿವಾರ

ಬೆಳಗಿನ ರೈಲಿನಲ್ಲಿ ಕಾಸರಗೋಡು ಬಿಟ್ಟೆವು. ಮೊಗ್ರಾಲು, ಶಿರಿಯ, ಉಪ್ಪಳ, ಮಂಜೇಶ್ವರದ ಹೊಳೆಗಳನ್ನು ಒಂದರ ಹಿಂದೊಂದು ದಾಟಿದ ಮೇಲೆ ನೇತ್ರಾವತಿ, ಆಮೇಲೆ ಗುರುಪುರ ಹೊಳೆ. ಘಟ್ಟದಿಂದ ಇಳಿದು ಬರುವ ಈ ಹೊಳೆಗಳು ಕಡಲನ್ನು ನೇರವಾಗಿ ಸೇರದೆ, ಮರಳಿನ ದಿಬ್ಬದ ಹಿಂದೆ ದಂಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಹರಿದು, ಎಲ್ಲೋ ಒಂದು ಕಡೆ ಅಳಿವೆ ಮಾಡಿಕೊಳ್ಳುವುದನ್ನು ರೈಲಿನ ಕಿಟಕಿಯಿಂದಲೇ ಅಲ್ಲಲ್ಲಿ ಗಮನಿಸಬಹುದು. ಕುಂಬಳೆಯನ್ನು ಹಾಯುವಾಗ, 1514ರ ಹೊತ್ತಿಗೆ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ ಈ ಬಂದರಿನಿಂದ ಕೀಳುದರ್ಜೆಯ ಕಪ್ಪು ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತು, ಬದಲಿಗೆ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿಟ್ಟದ್ದನ್ನು ಮಾಷ್ಟ್ರು ನೆನಪಿಸಿಕೊಂಡರು. ತಮ್ಮ ಊರಿನ ಅಕ್ಕಿಯನ್ನು ಐನೂರು ವರ್ಷಗಳ ಹಿಂದೆ ಒಬ್ಬ ಪರದೇಶಿ ಹೀಗಳೆದದ್ದು ಅವರಿಗೆ ಈಗಲೂ ಅಷ್ಟಾಗಿ ಹಿಡಿಸಿದಂತಿಲ್ಲ.

ಉಡುಪಿಯ ನಿಲ್ದಾಣವು ಇಂದ್ರಾಳಿಯಲ್ಲಿದೆ. ಅಲ್ಲಿಂದ ಪೇಟೆಗೆ, ಪೇಟೆಯಿಂದ ಮಲ್ಪೆಗೆ ಬಸ್ಸು. ಸಂಜೆಯಾಗುತ್ತಿದ್ದುದರಿಂದ ದ್ವೀಪದ ಲಾಂಚುಗಳು ಆ ದಿನದ ಕೆಲಸವನ್ನು ಮುಗಿಸುತ್ತಿದ್ದವು. ಉಳಿದ ಹೊತ್ತನ್ನು ಕಡಲ ಬದಿಯ ವಡಭಾಂಡೇಶ್ವರದಲ್ಲಿ ಕಳೆದೆವು. ಇಲ್ಲಿ ಪೂಜೆಗೊಳ್ಳುವವನು ಬಲರಾಮ. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಎದುರು ಬಿರುಗಾಳಿಗೆ ಸಿಕ್ಕಿಕೊಂಡಿತೆಂದೂ, ಮಧ್ವಾಚಾರ್ಯರು ದಡದಲ್ಲಿ ನಿಂತು ತಮ್ಮ ವಸ್ತ್ರವನ್ನು ಬೀಸಿ ಅದನ್ನು ಪಾರುಮಾಡಿದರೆಂದೂ, ಹಡಗಿನವನು ಕೃತಜ್ಞತೆಯಿಂದ ಕೊಟ್ಟ ಗೋಪಿಚಂದನದ ಗಟ್ಟಿಯೊಳಗೆ ಉಡುಪಿಯ ಕೃಷ್ಣನ ವಿಗ್ರಹವಿತ್ತೆಂದೂ ಹೇಳುವ ಕಥೆ ನಮ್ಮ ಕಡೆಯ ಮಕ್ಕಳಿಗೂ ಬಾಯಿಪಾಠ. ಅದನ್ನು ಭಕ್ತಿಯಿಂದ ಕೇಳುವವರಿಗೆ ಹೊರತಾಗಿ, ಭೂಗೋಳದ ದೃಷ್ಟಿಯಿಂದ ಕೇಳುವವರಿಗೂ ಅದರಲ್ಲೊಂದು ಸೂಚನೆಯಿದೆ ಎಂದು ನನಗನಿಸುತ್ತದೆ. ಕಥೆಯ ಹಡಗು ಬಿಡು ಕಡಲಿನಲ್ಲಿ ಮುಳುಗುವುದಿಲ್ಲ. ದಡದಿಂದ ಕಾಣುವಷ್ಟು ಹತ್ತಿರದಲ್ಲಿ ಸಂಕಟಕ್ಕೆ ಒಳಗಾಗುತ್ತದೆ. ಮಲ್ಪೆಯ ಎದುರು ನೀರಿನ ಮಟ್ಟಕ್ಕೆ ತುಸುವೇ ಮೇಲೆ ಮತ್ತು ತುಸುವೇ ಕೆಳಗೆ ಬಂಡೆಗಳು ಹರಡಿರುವುದನ್ನು ಮರುದಿನ ಕಣ್ಣಾರೆ ಕಂಡಾಗ, ಹಾಯಿಯ ಕಾಲದಲ್ಲಿ ಈ ಜಾಗ ನಾವಿಕರಿಗೆ ಆಸರೆಯೂ ಅಪಾಯವೂ ಆಗಿದ್ದಿರಬೇಕೆಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಭಾನುವಾರ

ಬೆಳಗ್ಗೆ ಬಂದರಿನ ಬಳಿ ಟಿಕೇಟು ಪಡೆದು ಮೊದಲ ಲಾಂಚುಗಳಲ್ಲೊಂದನ್ನು ಹತ್ತಿದೆವು. ಮೀನುಗಾರಿಕೆಯ ದೋಣಿಗಳ ಸಾಲನ್ನು ದಾಟಿ ಅಳಿವೆಯಿಂದ ಹೊರಬಂದಾಗ, ಎಡಕ್ಕೆ, ದಡಕ್ಕೆ ಸಾಕಷ್ಟು ಹತ್ತಿರದಲ್ಲಿ ಮರಗಳಿರುವ ಒಂದು ಗುಡ್ಡೆ ಕಾಣಿಸಿತು. ಅದೇ ದರಿಯಾ ಬಹದ್ದೂರ್‌ಗಡ. ನಾವು ಹತ್ತಿದ ಲಾಂಚು ಅಲ್ಲಿ ನಿಲ್ಲುವಂತಿರಲಿಲ್ಲ. ಉತ್ತರದ ದ್ವೀಪ, ತೆಂಗಿನ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣದ ದ್ವೀಪ ಎಂದು ಎಣಿಸಲಾಗುವ ನಾಲ್ಕರಲ್ಲಿ ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ದೂರ.

ಲಾಂಚು ದ್ವೀಪವನ್ನು ಮುಟ್ಟುವುದಿಲ್ಲ. ಸ್ವಲ್ಪ ಈಚೆಗೆ ನಿಂತು, ಜನರನ್ನು ಸಣ್ಣ ದೋಣಿಗಳಿಗೆ ಇಳಿಸುತ್ತದೆ. ದೋಣಿಯ ಹುಡುಗ ಮಾಷ್ಟ್ರ ಕೈಹಿಡಿದು ಇಳಿಸುತ್ತ, “ಮೆಲ್ಲ ಬನ್ನಿ ಅಜ್ಜ, ಕಲ್ಲು ಜಾರ್ತದೆ,” ಎಂದನು. ಕಾಲಿಟ್ಟ ಕಡೆ ಮರಳಿಗಿಂತ ಹೆಚ್ಚಾಗಿ ಚಿಪ್ಪು: ಒಡೆದ, ಸವೆದ, ಬಿಳಿಚಿದ ಚಿಪ್ಪುಗಳ ದಪ್ಪ ಹಾಸು. ಅದರಾಚೆಗೆ ತೆಂಗಿನ ಮರಗಳು, ನಡುವೆ ಕುಳಿತುಕೊಳ್ಳಲು ಮಾಡಿದ ಆಸರೆಗಳು. ದ್ವೀಪದ ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್, ಅತಿ ಎತ್ತರದ ಜಾಗ ಕಡಲಮಟ್ಟದಿಂದ ಸುಮಾರು 10 ಮೀಟರ್. ಬೇಕಲ ಕೋಟೆಯ ಆವರಣದಲ್ಲಿ ಇಂತಹ ಮೂರನ್ನು ಇಟ್ಟರೂ ಜಾಗ ಉಳಿಯುತ್ತದೆ.

ಜೊತೆಗೆ ಬಂದವರಲ್ಲಿ ಹೆಚ್ಚಿನವರು ಇಳಿದ ಕಡೆಯೇ ನೆರಳು ಹುಡುಕಿ ಕುಳಿತರು. ನಾವು ದ್ವೀಪವನ್ನು ಅಡ್ಡಲಾಗಿ ದಾಟಿ ಪಡುವಣ ಮಗ್ಗುಲಿಗೆ ಹೋದೆವು. ಈ ದ್ವೀಪಕ್ಕೆ ಕೀರ್ತಿ ತಂದ ಕಂಬಗಲ್ಲುಗಳು ಅಲ್ಲಿಯೇ ಇವೆ. ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ನಿಂತ ಕಲ್ಲಿನ ಕಂಬಗಳು. ಕೆಲವಕ್ಕೆ ನಾಲ್ಕು ಮುಖ, ಕೆಲವಕ್ಕೆ ಏಳು, ಬಹುಮಟ್ಟಿಗೆ ಐದು ಅಥವಾ ಆರು. ಕೆಲವು ಮೊಣಕಾಲಿನೆತ್ತರಕ್ಕೆ ಮುರಿದು ಮೆಟ್ಟಿಲಾಗಿವೆ. ಅತಿ ಎತ್ತರದವು 6 ಮೀಟರಿನಷ್ಟಿವೆ. ಬಣ್ಣ ಬೂದು, ಅಲ್ಲಲ್ಲಿ ತೆಳುಗೆಂಪು, ತೆರೆ ಬಡಿಯುವ ಕಡೆ ಕಪ್ಪು. ಯಾರೋ ಕೆತ್ತಿ ಜೋಡಿಸಿದಂತೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಮನುಷ್ಯನ ಕೆಲಸವಲ್ಲವೆಂಬುದು ಸ್ಪಷ್ಟವಾಗುತ್ತದೆ, ಏಕೆಂದರೆ ಯಾವ ಎರಡು ಕಂಬಗಳ ಅಳತೆಯೂ ಒಂದೇ ಆಗಿಲ್ಲ, ಆದರೂ ಯಾವ ಎರಡರ ನಡುವೆಯೂ ವ್ಯರ್ಥವಾದ ಜಾಗವಿಲ್ಲ.

ಇದು ಹೇಗಾಯಿತೆಂಬುದನ್ನು ಹುಡುಗನು ನಮಗೆ ವಿವರಿಸಿದ ಕ್ರಮದಲ್ಲಿಯೇ ಹೇಳುತ್ತೇನೆ. ಭೂಮಿಯೊಳಗಿನಿಂದ ಮೇಲಕ್ಕೆ ಬಂದ ಶಿಲಾರಸವು ಹರಿದು ನಿಂತು ತಣಿಯತೊಡಗಿದಾಗ, ಗಾಳಿಗೆ ತಾಗಿದ ಮೇಲ್ಮೈಯೂ ನೆಲಕ್ಕೆ ತಾಗಿದ ಅಡಿಭಾಗವೂ ಮೊದಲು ತಣಿಯುತ್ತವೆ. ತಣಿದಂತೆಲ್ಲ ಅದು ಕುಗ್ಗಬೇಕು. ಆದರೆ ಅಕ್ಕಪಕ್ಕದ ಭಾಗಗಳೂ ಕುಗ್ಗುತ್ತಿರುವುದರಿಂದ ಎಳೆತ ಹೆಚ್ಚಾಗಿ, ಕೊಯ್ಲು ಮುಗಿದ ಗದ್ದೆಯ ಕೆಸರು ಬಿಸಿಲಿಗೆ ಬಿರಿಯುವಂತೆ ಬಿರುಕು ಬಿಡುತ್ತದೆ. ಈ ಎಳೆತವು ಅತ್ಯಂತ ಕಡಿಮೆ ಬಿರುಕಿನಿಂದ ತೀರಬೇಕಾದರೆ ಬಿರುಕುಗಳು ಮೂರು ಮೂರಾಗಿ, 120 ಡಿಗ್ರಿಯ ಕೋನದಲ್ಲಿ ಕೂಡಬೇಕು. ಹಾಗೆ ಕೂಡಿದಾಗ ನಡುವೆ ಉಳಿಯುವ ಆಕಾರವೇ ಆರು ಮುಖದ್ದು. ಒಳಭಾಗ ತಣಿಯುತ್ತ ಹೋದಂತೆ ಬಿರುಕುಗಳೂ ಒಳಕ್ಕೆ ಇಳಿಯುತ್ತವೆ, ತಣಿಯುವ ಮೇಲ್ಮೈಗೆ ಸದಾ ಲಂಬವಾಗಿ. ಆದ್ದರಿಂದ ಹರಿವು ಸಮತಟ್ಟಾಗಿದ್ದ ಕಡೆ ಕಂಬಗಳು ನೆಟ್ಟಗಿವೆ, ಮೇಲ್ಮೈ ಓರೆಯಾಗಿದ್ದ ಕಡೆ ಅವೂ ವಾಲಿವೆ. ನಿಜವಾದ ಶಿಲಾರಸ ಎಲ್ಲ ಕಡೆ ಒಂದೇ ವೇಗದಲ್ಲಿ ತಣಿಯುವುದಿಲ್ಲವಾದ್ದರಿಂದ ಐದು ಮತ್ತು ಏಳು ಮುಖದವೂ ನಡುವೆ ಸೇರಿಕೊಂಡಿವೆ.

“ಹಾಗಾದರೆ ಇದು ಬಸಾಲ್ಟ್ ಅಲ್ವನಾ?” ಎಂದು ಮಾಷ್ಟ್ರು ಕೇಳಿದರು. ಬಸಾಲ್ಟ್ ಎಂದರೆ ಸಿಲಿಕಾ ಅಂಶ ಕಡಿಮೆಯಿರುವ ಕಪ್ಪು ಲಾವಾಶಿಲೆ. ಹಲವು ಬರಹಗಳಲ್ಲಿ ಹಾಗೆಯೇ ಇದೆ. ಪ್ರವಾಸದ ಕೈಪಿಡಿಗಳಂತೂ ಇದನ್ನು ಬಸಾಲ್ಟಿನ ಕಂಬಗಳೆಂದೇ ಬರೆಯುತ್ತವೆ. ಆದರೆ ಇಲ್ಲಿಯ ಕಲ್ಲು ಸಿಲಿಕಾ ಅಂಶ ಹೆಚ್ಚಿರುವ ರಯೋಲೈಟ್ ಮತ್ತು ಡೇಸೈಟ್ ಜಾತಿಯದು. ಮುಂಬಯಿಯ ಅಂಧೇರಿಯಲ್ಲಿರುವ ಗಿಲ್ಬರ್ಟ್ ಗುಡ್ಡದ ಕಂಬಗಳು ನಿಜವಾದ ಬಸಾಲ್ಟಿನವು. ಅವು ದಖ್ಖನಿನ ಲಾವಾ ಹರಿವಿಗೆ ಸೇರಿದ್ದು, ಸುಮಾರು 6.6 ಕೋಟಿ ವರ್ಷ ಹಳೆಯವು. ತೋನ್ಸೆಪಾರಿನ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಹಿಂದಿನದು. ಪೊಟ್ಯಾಸಿಯಂ ಮತ್ತು ಆರ್ಗಾನ್ ಆಧಾರದ ಹಳೆಯ ಲೆಕ್ಕ ಸುಮಾರು 9.3 ಕೋಟಿ ವರ್ಷಗಳನ್ನು ಕೊಟ್ಟಿತ್ತು. ಆಮೇಲಿನ ಹೆಚ್ಚು ಸೂಕ್ಷ್ಮವಾದ ಅಳತೆಗಳು 8.5ರಿಂದ 9.1 ಕೋಟಿಯ ನಡುವೆ ನಿಲ್ಲುತ್ತವೆ. ಜನಪ್ರಿಯ ಬರಹಗಳಲ್ಲಿ ಕಾಣುವ 8.8 ಕೋಟಿ ಎಂಬ ಸಂಖ್ಯೆ ಇವುಗಳ ನಡುವಿನದು. ಎಂದರೆ, ಸಹ್ಯಾದ್ರಿಯ ಉತ್ತರಭಾಗವನ್ನು ಮುಚ್ಚಿದ ಲಾವಾದ ಒಂದು ತುಣುಕು ದಕ್ಷಿಣಕ್ಕೆ ಚೆಲ್ಲಿದ್ದು ಇದು ಎಂಬ ವಿವರಣೆ ನಿಲ್ಲುವುದಿಲ್ಲ. ಕಲ್ಲೂ ಬೇರೆ, ಕಾಲವೂ ಬೇರೆ.

ಆ ಕಾಲದಲ್ಲಿ ನಡೆದದ್ದು ಮಡಗಾಸ್ಕರ್ ಮತ್ತು ಭಾರತ ಬೇರ್ಪಟ್ಟ ಘಟನೆ. ಅಲ್ಲಿಯವರೆಗೆ ಎರಡೂ ಒಂದಕ್ಕೊಂದು ತಾಗಿಕೊಂಡಿದ್ದವು. ನಮ್ಮ ಪಡುಗಡಲಿನ ದಂಡೆ ಎಂಬುದೇ ಇರಲಿಲ್ಲ, ಏಕೆಂದರೆ ಪಡುವಣ ದಿಕ್ಕಿನಲ್ಲಿ ಕಡಲಿಗೆ ಬದಲಾಗಿ ನೆಲವಿತ್ತು. ಇಂದು ದಕ್ಷಿಣ ಹಿಂದೂ ಮಹಾಸಾಗರದ ಮ್ಯಾರಿಯನ್ ದ್ವೀಪದ ಬಳಿ ಗುರುತಿಸಲಾಗುವ ಬಿಸಿತಾಣವೊಂದು (ಭೂಮಿಯ ಆಳದಿಂದ ಶಿಲಾರಸ ಉಕ್ಕುವ ಜಾಗ) ಆಗ ಈ ಕೂಡುನೆಲದ ಅಡಿಯಲ್ಲಿತ್ತು ಎಂಬುದು ಅನೇಕ ಭೂವಿಜ್ಞಾನಿಗಳ ಅಭಿಪ್ರಾಯ. ನೆಲ ಹಿಗ್ಗಿ, ತೆಳುವಾಗಿ, ಕೊನೆಗೆ ಸೀಳುವ ಹೊತ್ತಿಗೆ ಎರಡೂ ಬದಿಗಳಲ್ಲಿ ಶಿಲಾರಸ ಉಕ್ಕಿತು. ಮಡಗಾಸ್ಕರಿನಲ್ಲಿ ಅದರ ಪಾಲು ವಿಸ್ತಾರವಾಗಿ ಉಳಿದಿದೆ. ಭಾರತದ ಬದಿಯಲ್ಲಿ ಮೇಲ್ಮೈಗೆ ಹರಿದು ಕಣ್ಣಿಗೆ ಕಾಣುವಂತೆ ಉಳಿದದ್ದು ಬಹಳ ಕಡಿಮೆ. ಅದರಲ್ಲಿ ಮುಖ್ಯವಾದುದು ಈ ದ್ವೀಪಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದರ ಮಹತ್ವ ಇಲ್ಲಿದೆ. ಕರ್ನಾಟಕದಲ್ಲಿ ಈ ಮನ್ನಣೆ ಪಡೆದ ಇತರ ಜಾಗಗಳು ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಮತ್ತು ಕೋಲಾರದ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳು. ಅವು ಮೂರೂ ಇದಕ್ಕಿಂತ ಬಹಳ ಪುರಾತನ. ಜಗತ್ತಿನಲ್ಲಿ ಬೇರೆಲ್ಲಿಯೂ ಇಂತಹ ಕಂಬಗಳಿಲ್ಲವೆಂದು ಕೆಲವು ಮಾರ್ಗದರ್ಶಿಗಳು ಹೇಳುವುದುಂಟು. ಅದು ಸರಿಯಲ್ಲ, ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಇನ್ನೂ ವಿಸ್ತಾರವಾಗಿದೆ. ತೋನ್ಸೆಪಾರಿಗೆ ಅಂತಹ ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ. ಒಂದು ಭೂಖಂಡದ ಅಂಚು ಎಲ್ಲಿ, ಯಾವಾಗ ಹರಿಯಿತೆಂಬುದಕ್ಕೆ ಕೈಯಿಂದ ಮುಟ್ಟಬಹುದಾದ ಸಾಕ್ಷಿಯಾಗಿರುವುದೇ ಅದಕ್ಕೆ ಸಾಕಷ್ಟಾಯಿತು.

ಕಂಬಗಳ ನಡುವಿನಿಂದ ಕೆಳಗಿಳಿದಾಗ ಹುಡುಗನು ಇನ್ನೊಂದನ್ನು ತೋರಿಸಿದನು. ದ್ವೀಪದ ಅಂಚು ಒಂದೇ ಇಳಿಜಾರಾಗಿಲ್ಲ. ಸುಮಾರು 6, 3 ಮತ್ತು ಒಂದೂವರೆ ಮೀಟರ್ ಎತ್ತರಗಳಲ್ಲಿ ಸಮತಟ್ಟಾದ ಜಗುಲಿಗಳಿವೆ. ತೆರೆಗಳು ಕಲ್ಲನ್ನು ಕೊರೆದು ಮಟ್ಟಮಾಡುವುದು ಕಡಲಿನ ಮಟ್ಟದಲ್ಲಿಯೇ ಆದ್ದರಿಂದ, ಈ ಜಗುಲಿಗಳು ಹಿಂದಿನ ಕಡಲಮಟ್ಟಗಳ ಗುರುತುಗಳೆಂದು ತಿಳಿಯಲಾಗಿದೆ. ಕಡಲು ಹಂತಹಂತವಾಗಿ ಇಳಿದಿರಬೇಕು, ಇಲ್ಲವೇ ನೆಲ ಹಂತಹಂತವಾಗಿ ಎದ್ದಿರಬೇಕು. ಪರಶುರಾಮನು ಕೊಡಲಿ ಎಸೆದು ಕಡಲನ್ನು ಹಿಂದಕ್ಕೆ ಸರಿಸಿದ ಕಥೆಯನ್ನು ಮಾಷ್ಟ್ರು ಹೇಳಬಹುದೆಂದು ಕಾದೆ; ಅವರು ಹೇಳಲಿಲ್ಲ, ಆದರೆ ಮುಗುಳ್ನಕ್ಕದ್ದನ್ನು ಕಂಡೆ.

ಅವರ ಸರದಿ ಬಂದದ್ದು ತೆಂಗಿನ ನೆರಳಿಗೆ ಮರಳಿದ ಮೇಲೆ. ಪಕ್ಕದಲ್ಲಿ ಕುಳಿತ ಕುಟುಂಬವೊಂದರ ಯಜಮಾನರು, ವಾಸ್ಕೋ ಡ ಗಾಮನು ಭಾರತದಲ್ಲಿ ಮೊದಲು ಕಾಲಿಟ್ಟದ್ದು ಈ ದ್ವೀಪದಲ್ಲಿ, ಆಮೇಲೆ ಕಲ್ಲಿಕೋಟೆಗೆ ಹೋದದ್ದು ಎಂದು ಮಕ್ಕಳಿಗೆ ಹೇಳುತ್ತಿದ್ದರು. ಈ ಮಾತು ಎಲ್ಲೆಡೆ ಅಚ್ಚಾಗಿದೆ; ಅವರನ್ನು ದೂರುವಂತಿಲ್ಲ. ಆದರೆ ಗಾಮನ ಮೊದಲ ಯಾನದಲ್ಲಿ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಬೇರೆಯದನ್ನೇ ಹೇಳುತ್ತದೆ. ಆಫ್ರಿಕಾದ ಮಲಿಂದಿಯಿಂದ ನೇರವಾಗಿ ಕಡಲು ದಾಟಿ ಬಂದ ಹಡಗುಗಳಿಗೆ 1498ರ ಮೇ ತಿಂಗಳಲ್ಲಿ ಮೊದಲು ಕಂಡ ನೆಲ ಏಳಿಮಲೆಯ ಗುಡ್ಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅದು ನಮ್ಮ ಜಿಲ್ಲೆಯ ದಕ್ಷಿಣ ತುದಿಯಾಚೆಗಿದೆ, ಮಲ್ಪೆಗಿಂತ ಬಹಳ ಕೆಳಗೆ. ಅಲ್ಲಿಂದ ದಕ್ಷಿಣಕ್ಕೆ ಹೋಗಿ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದರು. ಅಲ್ಲಿಯ ಅರಸ ಸಾಮೂದಿರಿಯೊಂದಿಗೆ ವ್ಯವಹಾರ ಕುದುರದೆ ಆಗಸ್ಟ್ 29ರಂದು ಹೊರಟು, ದಂಡೆಯ ಉದ್ದಕ್ಕೂ ಉತ್ತರಕ್ಕೆ ಬರುತ್ತ, ಸೆಪ್ಟೆಂಬರ್ 15ರಂದು ದಡದಿಂದ ಸ್ವಲ್ಪ ದೂರದಲ್ಲಿದ್ದ ನಡುಗಡ್ಡೆಗಳ ಬಳಿ ನಿಂತರು. ಅವುಗಳಲ್ಲೊಂದರ ಮೇಲೆ ದೋಣಿಯಲ್ಲಿ ಹೋಗಿ ಕಲ್ಲಿನ ಕಂಬವನ್ನು ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟರು. ಪೋರ್ಚುಗಲ್ಲಿನ ದೊರೆ ಮಾನುಯೆಲನು ಹೆಸರು ಹೇಳಿ ನೆಡಿಸಬೇಕೆಂದು ಕಳಿಸಿದ ಮೂರು ಕಂಬಗಳಲ್ಲಿ ಸಾವೋ ರಫಾಯೆಲ್ ಆಫ್ರಿಕಾದ ದಂಡೆಗೆ, ಸಾವೋ ಗಾಬ್ರಿಯೆಲ್ ಕಲ್ಲಿಕೋಟೆಗೆ, ಕೊನೆಯದು ಇಲ್ಲಿಗೆ. ದ್ವೀಪಗಳ ಇಂದಿನ ಹೆಸರು ಅದರಿಂದಲೇ ಬಂದದ್ದು. ಆದ್ದರಿಂದ ಇದು ಗಾಮನು ಬಂದಿಳಿದ ಜಾಗವಲ್ಲ, ಹೊರಟುಹೋಗುವಾಗ ಗುರುತು ಹಾಕಿದ ಜಾಗ. ಮತ್ತು ಅದಕ್ಕೆ ಮೊದಲು ಅವನು ಹಾದುಹೋದದ್ದು ನಮ್ಮ ಹೊಸದುರ್ಗ, ಬೇಕಲ, ಕುಂಬಳೆಗಳ ಎದುರಿನಿಂದ.

ಆ ದಿನಚರಿಯಲ್ಲಿ ಬರುವ ಇನ್ನೊಂದು ವಿವರವನ್ನು ಯಾವ ಕೈಪಿಡಿಯೂ ಹೇಳದಿರುವುದು ಆಶ್ಚರ್ಯ. ಹಡಗುಗಳು ನಿಂತಾಗ ದಡದ ಕಡೆಯಿಂದ ಅನೇಕ ದೋಣಿಗಳು ಮೀನು ತಂದವು. ಗಾಮನು ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿ, ದ್ವೀಪದಲ್ಲಿ ಕಂಬ ನೆಟ್ಟರೆ ಒಪ್ಪಿಗೆಯೇ ಎಂದು ಕೇಳಿದನು. ಅವರು ಬಹಳ ಸಂತೋಷವೆಂದರು. ಅದರಿಂದ ತಾವಿಬ್ಬರೂ ಕ್ರೈಸ್ತರೆಂಬುದು ದೃಢವಾಗುತ್ತದೆ ಎಂದರಂತೆ. ದೇವಸ್ಥಾನಗಳನ್ನು ಇಗರ್ಜಿಗಳೆಂದೇ ತಿಳಿದುಕೊಂಡು ಕಲ್ಲಿಕೋಟೆಯಿಂದ ಹೊರಟವರು ಈ ಪೋರ್ಚುಗೀಸರು. ಮೀನುಗಾರರು ಯಾವ ಭಾಷೆಯಲ್ಲಿ ಏನು ಹೇಳಿದರೋ, ದುಭಾಷಿ ಅದನ್ನು ಹೇಗೆ ತಿಳಿಸಿದನೋ, ಬರೆದವನು ಏನನ್ನು ಕೇಳಬಯಸಿದ್ದನೋ! ಮೊಗವೀರರ ಮುಂದೆ ಈ ಕಥೆ ಹೇಳಿದರೆ ಅವರು ಮೀನಿನ ಬೆಲೆಯ ಬಗ್ಗೆ ಕೇಳಿಯಾರು ಎಂದು ಮಾಷ್ಟ್ರು ನಕ್ಕರು. ಕಂಬದ ಕುರುಹು ಇಂದು ದ್ವೀಪದಲ್ಲಿ ಇಲ್ಲ. ನಾಲ್ಕರಲ್ಲಿ ಅದು ಯಾವುದರ ಮೇಲೆ ನಿಂತಿತ್ತೆಂಬುದನ್ನು ದಿನಚರಿಯೂ ಹೇಳುವುದಿಲ್ಲ. ಪ್ರವಾಸಿಗಳು ಇಳಿಯುವ ದ್ವೀಪವೇ ಅದಾಗಿರಬೇಕೆಂಬ ನಿಯಮವೇನೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಏರಿತು. ಕಂಬಗಳಾಚೆ ಗರುಡಗಳೆರಡು ಸುತ್ತುತ್ತಿದ್ದವು. ತೆರೆ ಹಿಂದೆ ಸರಿದ ಕಡೆ ಏಡಿಗಳು. ರಾತ್ರಿ ಇಲ್ಲಿ ಯಾರೂ ತಂಗುವಂತಿಲ್ಲ, ಸಂಜೆಯ ದೋಣಿಗೆ ಎಲ್ಲರೂ ಹೊರಡಬೇಕು. ಕಂಬಗಳ ಅಂಚಿಗೆ ಹೋಗುವವರನ್ನು ಕಾವಲಿನವರು ಸೀಟಿ ಊದಿ ಹಿಂದಕ್ಕೆ ಕರೆಯುತ್ತಿದ್ದರು. ಅವರ ಮಾತು ಕೇಳುವುದೇ ಒಳ್ಳೆಯದು, ಏಕೆಂದರೆ ಕಂಬಗಳ ತುದಿಗಳು ಪಾಚಿಗಟ್ಟಿವೆ ಮತ್ತು ಅವುಗಳ ಬುಡದಲ್ಲಿ ನೀರು ಒಮ್ಮೆಗೇ ಆಳವಾಗುತ್ತದೆ. ಪ್ಲಾಸ್ಟಿಕ್ಕಿನ ಬಗ್ಗೆ ಎಷ್ಟೇ ಎಚ್ಚರಿಕೆ ವಹಿಸಿದರೂ ಚಿಪ್ಪಿನ ಹಾಸಿನಲ್ಲಿ ಬಾಟಲಿಯ ಮುಚ್ಚಳಗಳು ಸಿಕ್ಕವು. ಅವುಗಳಲ್ಲಿ ಕೆಲವನ್ನಾದರೂ ಕಡಲೇ ತಂದು ಹಾಕಿರಬಹುದು.

ಸೋಮವಾರ

ಮರಳುವ ದಿನ ಬೆಳಗ್ಗೆ ಬಂದರಿನ ಧಕ್ಕೆಗೆ ಹೋದದ್ದು ದರಿಯಾ ಬಹದ್ದೂರ್‌ಗಡವನ್ನು ಇನ್ನೊಮ್ಮೆ ನೋಡುವುದಕ್ಕಾಗಿ. ಮೀನು ಇಳಿಸುವ ಗದ್ದಲದ ನಡುವೆ ಹಿರಿಯ ಮೀನುಗಾರರೊಬ್ಬರನ್ನು ಮಾಷ್ಟ್ರು ತುಳುವಿನಲ್ಲಿ ಮಾತನಾಡಿಸಿದರು. ನಾವು ಕಾಸರಗೋಡಿನವರೆಂದು ತಿಳಿದ ಮೇಲೆ ಅವರು ಕೆಲಸ ಬಿಟ್ಟು ನಿಂತು ಹೇಳಿದರು. ಪಡುಗಾಳಿ ಬಲವಾದಾಗ ಗಡದ ಮರೆಯಲ್ಲಿ ನೀರು ತಕ್ಕಮಟ್ಟಿಗೆ ಶಾಂತವಾಗಿರುತ್ತದೆ. ದೋಣಿ ಹೊಕ್ಕುವುದಕ್ಕೆ ಅದೇ ದಾರಿಗುರುತು. ಈ ಮಾತಿನಿಂದ ಕೋಟೆಯ ಉದ್ದೇಶವೂ ಸ್ಪಷ್ಟವಾಯಿತು. ಅಳಿವೆಯ ಬಾಯಿಗೆ ಬರುವ ಹಡಗು ಆ ಗುಡ್ಡೆಯ ಕಣ್ಣು ತಪ್ಪಿಸಿ ಬರಲಾರದು.

ಅದನ್ನು ಟಿಪ್ಪುವಿನ ಕೋಟೆಯೆಂದು ಬಂದರಿನಲ್ಲಿ ಒಬ್ಬಿಬ್ಬರು ಹೇಳಿದರು. ನಮ್ಮ ಕಡೆಯೂ ಹಳೆಯ ಗೋಡೆಯೆಲ್ಲ ಟಿಪ್ಪುವಿನದೇ ಆಗಿಬಿಡುತ್ತದೆ. ಗೆಜೆಟಿಯರಿನ ಪ್ರಕಾರ ಕಟ್ಟಿಸಿದವನು ಬಿದನೂರಿನ ಬಸಪ್ಪ ನಾಯಕ. ಆ ಮನೆತನಕ್ಕೆ ಕಡಲ ಕಡೆಯ ಚಿಂತೆ ಹುಟ್ಟಿದ್ದರ ಹಿನ್ನೆಲೆಯನ್ನು ಹೇಳದೆ ಹೋದರೆ ಈ ಗುಡ್ಡೆಯ ಕೋಟೆ ಅರ್ಥವಾಗುವುದಿಲ್ಲ. ಸಾಂತಾ ಮರಿಯಾ ಕಂಬ ನೆಟ್ಟ ಎಪ್ಪತ್ತು ವರ್ಷಗಳಲ್ಲಿ ಪೋರ್ಚುಗೀಸರು ಬರಿಯ ಗುರುತುಗಳಿಂದ ತೃಪ್ತರಾಗದೆ 1568ರಲ್ಲಿ ಮಂಗಳೂರಿನಲ್ಲೂ 1569ರಲ್ಲಿ ಬಸರೂರಿನಲ್ಲೂ ಕೋಟೆ ಕಟ್ಟಿದ್ದರು. ಕರಾವಳಿಯ ಅಕ್ಕಿ ಮತ್ತು ಮೆಣಸಿನ ವ್ಯಾಪಾರದ ಮೇಲೆ ಅವರ ಹಿಡಿತ ಅಲ್ಲಿಂದ ನಡೆಯುತ್ತಿತ್ತು. 1650ರ ದಶಕದ ಆರಂಭದಲ್ಲಿ ಶಿವಪ್ಪ ನಾಯಕನು ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳನ್ನು ಅವರಿಂದ ಕಸಿದುಕೊಂಡನು. ಕಸಿದುಕೊಂಡ ದಂಡೆಯನ್ನು ಉಳಿಸಿಕೊಳ್ಳಬೇಕಾದರೆ ಅಳಿವೆ ಅಳಿವೆಗೂ ಕಾವಲು ಬೇಕು. ಚಂದ್ರಗಿರಿಯಲ್ಲಿ ನದಿಯ ಬಾಯಿ ಕಾಣುವ ಗುಡ್ಡ, ಬೇಕಲದಲ್ಲಿ ಕಡಲಿಗೆ ಚಾಚಿದ ನೆಲ, ಮಲ್ಪೆಯಲ್ಲಿ ದಡದೆದುರಿನ ದ್ವೀಪ, ಹೊನ್ನಾವರದ ಎದುರು ಬಸವರಾಜದುರ್ಗದ ದ್ವೀಪ: ನಾಯಕರು ಜಾಗಕ್ಕೆ ತಕ್ಕಂತೆ ರೂಪ ಬದಲಾಯಿಸಿದ್ದಾರೆ, ಯೋಜನೆ ಒಂದೇ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದಾಗ ಇವೆಲ್ಲವೂ ಒಟ್ಟಿಗೇ ಕೈಬದಲಾದವು. ಟಿಪ್ಪುವಿನ ಹೆಸರು ಇವುಗಳಿಗೆ ಅಂಟಿಕೊಂಡದ್ದು ಹಾಗೆ.

ಗಡಕ್ಕೆ ಹೋಗಲು ದೋಣಿ ಸಿಕ್ಕೀತೇ ಎಂದು ಮಾಷ್ಟ್ರು ವಿಚಾರಿಸಿದರು. “ಇವತ್ತು ಗಾಳಿ ಸರಿ ಇಲ್ಲ ಮಾಷ್ಟ್ರೇ, ಇನ್ನೊಮ್ಮೆ ಬನ್ನಿ,” ಎಂದರು ಆ ಹಿರಿಯರು. ಗೋಡೆಗೆ ದಡದ ಮುರಕಲ್ಲನ್ನು ದೋಣಿಯಲ್ಲಿ ಸಾಗಿಸಿದ್ದರೋ ಅಥವಾ ಅಲ್ಲಿನ ಕಲ್ಲನ್ನೇ ಬಳಸಿದ್ದರೋ ಎಂದು ತಿಳಿಯುವ ಆಸೆ ಮಾಷ್ಟ್ರಿಗೂ ಹುಡುಗನಿಗೂ ಸಮಾನವಾಗಿತ್ತು. ಪ್ರವಾಸದ ಉದ್ದಕ್ಕೂ ಅವರಿಬ್ಬರು ಒಂದೇ ಪ್ರಶ್ನೆ ಕೇಳಿದ್ದು ಅದೊಂದೇ ಸಲ.

ಹಿಂದಿರುಗುವಾಗ ರೈಲನ್ನು ಬಿಟ್ಟು ಹೆದ್ದಾರಿಯ ಬಸ್ಸು ಹಿಡಿದೆವು. ಕಾಪುವಿನಲ್ಲಿ ಇಳಿದು 1901ರ ದೀಪಸ್ತಂಭವನ್ನು ನೋಡಿದ್ದಾಯಿತು. ಕಡಲಿಗೆ ಚಾಚಿದ ಬಂಡೆಯ ಮೇಲೆ ನಿಂತಿರುವ ಅದು ಚೆನ್ನಾಗಿದೆ. ಕಾಸರಗೋಡಿನಿಂದ ಈ ದಾರಿಯಲ್ಲಿ ಹೋಗಬಯಸುವವರು ಮಳೆಗಾಲ ಮುಗಿದು ಕಡಲು ಇಳಿದ ಮೇಲೆ, ಅಕ್ಟೋಬರಿನಿಂದ ಮೇ ತಿಂಗಳೊಳಗೆ ಹೊರಡಬೇಕು. ಉಳಿದ ತಿಂಗಳುಗಳಲ್ಲಿ ದ್ವೀಪದ ಲಾಂಚುಗಳು ಓಡುವುದಿಲ್ಲ. ಬೆಳಗಿನ ಲಾಂಚೇ ಉತ್ತಮ. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು, ಬಾಟಲಿಯನ್ನು ಮರಳಿ ತರಬೇಕು, ಮತ್ತು ಇಳಿದ ಕಡೆಯ ನೆರಳಿನಲ್ಲಿ ಕುಳಿತುಬಿಡದೆ ಪಡುವಣ ಮಗ್ಗುಲಿಗೆ ನಡೆದುಹೋಗಬೇಕು.